ಕುದುರೆ ಲಾರಿ: ಮಂಚಕ್ಕಿಂತ ಮೊದಲು ನೆಲ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಸಣ್ಣ ಲಾರಿಯೊಂದನ್ನು ಕುದುರೆ ಸಾಗಿಸುವ ವಾಹನವನ್ನಾಗಿ ಮಾರ್ಪಡಿಸಿ, ಅದರಲ್ಲೇ ಇಬ್ಬರು ಮಲಗುವಷ್ಟು ಜಾಗವನ್ನೂ ಮಾಡಿಕೊಂಡವರ ಕುರಿತು ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಸಚಿತ್ರ ಲೇಖನವನ್ನು ಓದಿದೆ. ಬರಹ ಸೊಗಸಾಗಿತ್ತು. ಮಡಚುವ ಮಂಚ, ಅದರಡಿಯ ಪೆಟ್ಟಿಗೆ, ಎರಡು ಒಲೆಯ ಅಡುಗೆ ಕಟ್ಟೆ, ಕಿಟಕಿಯ ಪರದೆ, ಎಲ್ಲಕ್ಕೂ ಒಂದೊಂದು ಚಿತ್ರವಿತ್ತು. ಕುದುರೆ ನಿಲ್ಲುವ ಭಾಗದ ಬಗ್ಗೆ ಮಾತ್ರ, ಹಿಂದುಗಡೆ ಎರಡು ಕುದುರೆಗಳಿಗೆ ಸ್ಥಳವಿದೆ ಎಂಬ ಒಂದೇ ವಾಕ್ಯ. ಲಾರಿಗಳಿಗೆ ಬಾಡಿ ಕಟ್ಟುವುದನ್ನೇ ಕಸುಬು ಮಾಡಿಕೊಂಡಿರುವ, ಕುದುರೆಗಳ ಒಡನಾಟವೂ ಇರುವ ನನಗೆ ಆ ಒಂದು ವಾಕ್ಯ ಸಾಲದೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಲೇಖನ ಓದಿದ ಹುರುಪಿನಲ್ಲಿ ಹಳೆಯ ಲಾರಿ ಹುಡುಕಲು ಹೊರಟವರು ಇದ್ದೇ ಇರುತ್ತಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ: ಕೆಲಸವನ್ನು ಕುದುರೆಯ ಕಡೆಯಿಂದ ಶುರು ಮಾಡಿ, ಕುದುರೆಗೆ ಬೇಕಾದುದೆಲ್ಲ ಆದ ಮೇಲೆ ಎಷ್ಟು ತೂಕ, ಎಷ್ಟು ಜಾಗ ಉಳಿಯುತ್ತದೋ ಅಷ್ಟರಲ್ಲಿ ಮನುಷ್ಯರ ವಸತಿಯನ್ನು ಮುಗಿಸಿಕೊಳ್ಳಿ.

ಮೊದಲನೆಯದು ತೂಕದ ಲೆಕ್ಕ. ಇದನ್ನು ಕಾಗದದ ಮೇಲೆ ಮಾಡಲು ಅರ್ಧ ಗಂಟೆ ಸಾಕು, ಆದರೂ ಬಹುತೇಕರು ಇದನ್ನು ಮಾಡುವುದು ಎಲ್ಲ ಕೆಲಸ ಮುಗಿದ ನಂತರ. 3,500 ಕೆ.ಜಿ. ಒಟ್ಟು ತೂಕದ ಮಿತಿಯ ಲಾರಿಯನ್ನೇ ತೆಗೆದುಕೊಳ್ಳೋಣ. ಯುರೋಪಿನ ದೇಶಗಳಲ್ಲಿ ಸಾಮಾನ್ಯ ಕಾರಿನ ಲೈಸನ್ಸಿನಲ್ಲಿ ಓಡಿಸಬಹುದಾದ ಮಿತಿ ಬಹುಮಟ್ಟಿಗೆ ಇದೇ ಆಗಿರುವುದರಿಂದ ಈ ಅಳತೆಯ ವಾಹನಕ್ಕೆ ಎಲ್ಲಿಲ್ಲದ ಬೇಡಿಕೆ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕಿಂತ ಮೊದಲು ಕಾರಿನ ಪರೀಕ್ಷೆ ಪಾಸಾದವರಿಗೆ ಅದೇ ಲೈಸನ್ಸಿನಲ್ಲಿ 7,500 ಕೆ.ಜಿ.ವರೆಗಿನ ಲಾರಿ ಓಡಿಸುವ ಹಕ್ಕು ಬಂದಿತ್ತು; ಅನಂತರದವರಿಗೆ ಅದಕ್ಕಾಗಿ ಬೇರೆ ಪರೀಕ್ಷೆ ಕೊಡಬೇಕಾಯಿತು. ಹೊಸ ತಲೆಮಾರಿನ ಸವಾರರು ಸಣ್ಣ ಲಾರಿಗೇ ಜೋತುಬಿದ್ದು, ದೊಡ್ಡದರಲ್ಲಿ ಇರುತ್ತಿದ್ದುದನ್ನೆಲ್ಲ ಅದರೊಳಗೆ ತುರುಕಲು ಹೊರಡುವುದಕ್ಕೆ ಇದೂ ಒಂದು ಕಾರಣ.

ಈಗ ಲೆಕ್ಕ. ಚಾಸಿ, ಕ್ಯಾಬಿನ್, ಹಿಂದಿನ ಖಾಲಿ ಪೆಟ್ಟಿಗೆ (ಬಾಡಿ), ಡೀಸೆಲ್ ಎಲ್ಲ ಸೇರಿ 2,200 ಕೆ.ಜಿ. ಎಂದುಕೊಂಡರೆ ಕೈಯಲ್ಲಿ ಉಳಿಯುವುದು 1,300. ಕುದುರೆ ನಿಲ್ಲುವ ಐದು ಚದರ ಮೀಟರ್ ನೆಲಕ್ಕೆ 18 ಮಿ.ಮೀ. ಪ್ಲೈವುಡ್ ಹಾಸಿದರೆ ಹತ್ತಿರ ಹತ್ತಿರ 60 ಕೆ.ಜಿ.; ಅದರ ಮೇಲೆ 12 ಮಿ.ಮೀ. ರಬ್ಬರ್ ಹಾಸು ಹಾಕಿದರೆ ಇನ್ನೂ 70. ಒದೆ ತಡೆಯಲು ಗೋಡೆಗಳ ಕೆಳಭಾಗಕ್ಕೆ ಕೊಡುವ ಹಲಗೆಗೆ 100, ಕುದುರೆ ಹತ್ತಿಳಿಯುವ ಇಳಿಜಾರು ಹಲಗೆಯಾದ ರ‍್ಯಾಂಪಿಗೆ ಅದರ ಸ್ಪ್ರಿಂಗುಗಳೂ ಸೇರಿ 120, ಕುದುರೆಗಳ ನಡುವಿನ ಪಾರ್ಟಿಷನ್ ಮತ್ತು ಅವುಗಳ ಎದೆಯ ಮುಂದೆ ಹಾಕುವ ಅಡ್ಡಗಂಬಿಗಳಿಗೆ 70. ಒಟ್ಟು 420 ಕಳೆದು ಉಳಿದದ್ದು 880. ಚಾಲಕ ಮತ್ತು ಜೊತೆಗಾರ 150. ಜೀನು, ಮೇವು, ಐವತ್ತು ಲೀಟರ್ ನೀರು 100. ಈಗ ಉಳಿದಿರುವುದು 630 ಕೆ.ಜಿ. ಸವಾರಿಗೆ ಬಳಸುವ ಸಾಧಾರಣ ಗಾತ್ರದ ಒಂದು ಕುದುರೆ 450ರಿಂದ 600 ಕೆ.ಜಿ. ತೂಗುತ್ತದೆ. 500 ಕೆ.ಜಿ.ಯ ಒಂದು ಕುದುರೆ ಹತ್ತಿದರೆ ವಸತಿಗೆ ಮಿಗುವುದು 130 ಕೆ.ಜಿ.; ಎರಡನೆಯದು ಹತ್ತಿದರೆ ಮಂಚ, ಒಲೆ, ಪರದೆ ಒಂದೂ ಇಲ್ಲದೆಯೇ ಲಾರಿ 370 ಕೆ.ಜಿ. ಮಿತಿ ಮೀರುತ್ತದೆ. ನಾನು ಬಳಸಿದ ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಸಡಿಲಿಸಿದರೂ, ಅಲ್ಯೂಮಿನಿಯಂ ಬಳಸಿ ಹಗುರ ಮಾಡಿದರೂ, ದೊಡ್ಡ ಕುದುರೆಗಳೆರಡು ಮತ್ತು ವಸತಿ ಇವೆಲ್ಲ 3,500 ಕೆ.ಜಿ.ಯೊಳಗೆ ಹಿಡಿಸುವುದು ದುಸ್ತರ. ಒಂದು ದೊಡ್ಡ ಕುದುರೆ, ಇಲ್ಲವೇ ಎರಡು ಸಣ್ಣ ಪೋನಿಗಳು, ಜೊತೆಗೆ ಹಾಸಿಗೆಯೊಂದು ಎಂಬುದು ಈ ಗಾತ್ರದ ಪ್ರಾಮಾಣಿಕ ಮಿತಿ. ಎರಡು ಕುದುರೆ ಬೇಕೇ ಬೇಕು ಎನ್ನುವವರು 7,500 ಕೆ.ಜಿ.ಯ ಲಾರಿಯನ್ನೇ ನೋಡಬೇಕು. ಅದರಲ್ಲಿ ಎಲ್ಲ ಕಟ್ಟಿ ಮುಗಿಸಿದ ಮೇಲೂ ಎರಡೂವರೆ ಟನ್ನಿನ ಆಸುಪಾಸು ಉಳಿಯುವಂತೆ ನೋಡಿಕೊಳ್ಳುವುದು ಕಷ್ಟವಲ್ಲ.

ತೂಕದ ಮಿತಿ ಮೀರಿದ ವಾಹನವು ಪೊಲೀಸರ ಕೈಗೆ ಸಿಕ್ಕಿಬಿದ್ದು ದಂಡ ಕಟ್ಟುವುದು ಇದರಲ್ಲಿ ಅತಿ ಸಣ್ಣ ತೊಂದರೆ. ಬ್ರೇಕು, ಟೈರು, ಸ್ಪ್ರಿಂಗ್ ಇವೆಲ್ಲ ಒಂದು ತೂಕಕ್ಕೆಂದು ಮಾಡಿದವು. ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಬಿಡುವುದು ನಿಂತ ನೆಲದಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾಗುವುದಿಲ್ಲ. ಅಲ್ಲದೆ ಒಟ್ಟು ತೂಕ ಸರಿಯಿದ್ದರೂ ಒಂದು ಆಕ್ಸಲ್ ಮೇಲೆ ಹೆಚ್ಚು ಬೀಳಬಹುದು. ಕ್ಯಾಬಿನ್ನಿಗೆ ತಾಗಿ ವಸತಿ, ಅದರ ಹಿಂದೆ ಕುದುರೆಗಳು ಎಂಬುದು ಸಾಮಾನ್ಯ ಜೋಡಣೆ. ಹಿಂದಿನ ಆಕ್ಸಲಿನಾಚೆಗೆ ಬಾಡಿಯನ್ನು ಉದ್ದ ಚಾಚಿದ್ದರೆ ಕುದುರೆಯ ಭಾರ ಅದರ ಹಿಂದೆ ಬಿದ್ದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ತೇಲಿದಂತಾಗುತ್ತದೆ. ಆದ್ದರಿಂದ ವೇಬ್ರಿಡ್ಜಿಗೆ ಹೋದಾಗ ಇಡೀ ಲಾರಿಯನ್ನು ತೂಗಿಸಿದರೆ ಸಾಲದು, ಮುಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಒಮ್ಮೆ, ಹಿಂದಿನವನ್ನು ಮಾತ್ರ ನಿಲ್ಲಿಸಿ ಇನ್ನೊಮ್ಮೆ ತೂಗಿಸಬೇಕು. ಖಾಲಿ ಇದ್ದಾಗ ಒಂದು ಸಲ, ಕುದುರೆ ಹತ್ತಿದ ಮೇಲೆ ಒಂದು ಸಲ. ಇಂಥ ವಾಹನಗಳ ಬಗ್ಗೆ ಮುಂದೆ ಲೇಖನ ಪ್ರಕಟಿಸುವಾಗ ಅನುಮತಿಸಿದ ಒಟ್ಟು ತೂಕ, ಕಟ್ಟಿ ಮುಗಿಸಿದ ಮೇಲಿನ ಖಾಲಿ ತೂಕ ಎಂಬ ಎರಡು ಸಂಖ್ಯೆಗಳನ್ನಾದರೂ ಚಿತ್ರದ ಕೆಳಗೆ ಅಚ್ಚು ಹಾಕುವಂತೆ ತಮ್ಮನ್ನು ಕೋರುತ್ತೇನೆ. ಓದುಗರು ಕಳೆಯುವ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತಾರೆ.

ಇನ್ನು ನೆಲ. ನನ್ನ ಮಟ್ಟಿಗೆ ಕುದುರೆ ಲಾರಿಯೆಂದರೆ ನೆಲ, ಉಳಿದದ್ದೆಲ್ಲ ಅದಕ್ಕೆ ಕಟ್ಟಿದ ಗೋಡೆ. ಮಾರಾಟಕ್ಕಿರುವ ಸಿದ್ಧ ಲಾರಿಯನ್ನು ನೋಡಲು ಹೋದವರು ಒಳಗೆ ಹತ್ತಿ ರಬ್ಬರ್ ಹಾಸನ್ನು ಕಾಲಿನಿಂದ ಒತ್ತಿ, ಗಟ್ಟಿಯಿದೆ ಎಂದು ತಲೆಯಾಡಿಸಿ ಇಳಿಯುತ್ತಾರೆ. ಮಾಡಬೇಕಾದದ್ದು ಬೇರೆ. ಹಾಸನ್ನು ಮೂಲೆಯಿಂದ ಪೂರ್ತಿ ಎತ್ತಿಸಬೇಕು. ಎತ್ತಲು ಬಾರದಂತೆ ಅಂಟಿಸಿದ್ದರೆ ಅದೇ ಅನುಮಾನಕ್ಕೆ ಕಾರಣ. ಆಮೇಲೆ ಟಾರ್ಚು ಮತ್ತು ಒಂದು ಸ್ಕ್ರೂಡ್ರೈವರ್ ಹಿಡಿದು ಲಾರಿಯ ಕೆಳಗೆ ಮಲಗಬೇಕು. ಹಲಗೆಯ ಅಂಚು ಅಡ್ಡತೊಲೆಯ ಮೇಲೆ ಕೂರುವ ಕಡೆ, ಗೋಡೆ ನೆಲಕ್ಕೆ ಸೇರುವ ಮೂಲೆ, ಕುದುರೆಯ ಹಿಂಗಾಲು ನಿಲ್ಲುವ ಜಾಗದ ನೇರ ಕೆಳಗೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಬೇಕು. ಒಳ್ಳೆಯ ಮರ ಠಣ್ಣೆಂದು ತಡೆಯುತ್ತದೆ. ಕೊಳೆತ ಮರದಲ್ಲಿ ತುದಿ ಸದ್ದಿಲ್ಲದೆ ಅರ್ಧ ಇಂಚು ಒಳಗಿಳಿಯುತ್ತದೆ, ಹೊರಗೆಳೆದರೆ ತುದಿಗೆ ಕಪ್ಪು ಹಸಿ ನಾರು ಅಂಟಿಕೊಂಡು ಬರುತ್ತದೆ, ಜೊತೆಗೆ ಮೂಗಿಗೆ ಅಮೋನಿಯಾದ ಘಾಟು. ಮೇಲಿನಿಂದ ನೋಡಿದವರಿಗೆ ಅದೇ ನೆಲ ಹೊಸದರಂತೆಯೇ ಕಂಡಿರುತ್ತದೆ.

ಇದಕ್ಕೆ ಕಾರಣ ಮೂತ್ರ. ಕುದುರೆಯ ಮೂತ್ರ ದಿನಕ್ಕೆ ಐದರಿಂದ ಹದಿನೈದು ಲೀಟರ್. ಅದು ಹಾಸಿನ ಸಂದಿನಲ್ಲಿ ಇಳಿದು, ಗಾಳಿಯಾಡದ ಕತ್ತಲೆಯಲ್ಲಿ ನಿಂತು, ಮರವನ್ನು ಕೊಳೆಸುತ್ತದೆ, ಉಕ್ಕಿಗೆ ತುಕ್ಕು ತರುತ್ತದೆ. ಅಲ್ಯೂಮಿನಿಯಂ ಹಾಕಿದರೆ ಚಿಂತೆಯಿಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ: ಅದನ್ನೂ ಮೂತ್ರ ತಿನ್ನುತ್ತದೆ, ಉಕ್ಕಿನ ತೊಲೆಯ ಮೇಲೆ ಅಲ್ಯೂಮಿನಿಯಂ ನೇರವಾಗಿ ಕೂತು ನಡುವೆ ಉಪ್ಪುನೀರು ಸೇರಿದರೆ ಸವೆತ ಇನ್ನೂ ಬೇಗ. ಎರಡರ ನಡುವೆ ರಬ್ಬರ್ ಪಟ್ಟಿಯೋ ಬೇರೆ ತಡೆಯೋ ಇರಬೇಕು. ಮರ ಬಳಸುವವರು ಕತ್ತರಿಸಿದ ಪ್ರತಿ ಅಂಚಿಗೂ, ಕೊರೆದ ಪ್ರತಿ ತೂತಿಗೂ ರಾಳ ಬಳಿದ ನಂತರವೇ ಕೂರಿಸಬೇಕು. ನೀರು ಹಲಗೆಯ ಮೈಯಿಂದ ಒಳಹೋಗುವುದಕ್ಕಿಂತ ಅಂಚಿನಿಂದ ಹೋಗುವುದೇ ಹೆಚ್ಚು.

ಬಲದ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಸರಕಿನ ಲಾರಿಯ ನೆಲವು ಹರಡಿಕೊಂಡ ಭಾರಕ್ಕೆಂದು ಮಾಡಿದ್ದು. ಕುದುರೆಯ ಭಾರ ನಾಲ್ಕು ಗೊರಸುಗಳ ಮೇಲಿದೆ, ಅದರಲ್ಲೂ ನಿಂತಾಗ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಗಾಲುಗಳ ಮೇಲೆ. ತಿರುವಿನಲ್ಲಿ ತಡವರಿಸಿ ಒಂದೇ ಕಾಲನ್ನು ಬಲವಾಗಿ ಊರಿದಾಗ ಲಾಳದ ಕಿರಿದಾದ ಅಂಚಿನ ಮೇಲೆ ಬೀಳುವ ಹೊಡೆತವನ್ನು ತಡೆಯುವ ನೆಲ ಬೇಕು. ಆದ್ದರಿಂದ ಸರಕಿನ ಲಾರಿಯ ಅಡ್ಡತೊಲೆಗಳ ನಡುವೆ ಇನ್ನಷ್ಟು ತೊಲೆಗಳನ್ನು ಸೇರಿಸಿ, ಅಂತರವನ್ನು ಒಂದಡಿಯ ಆಸುಪಾಸಿಗೆ ತಂದುಕೊಳ್ಳುವುದು ನಮ್ಮ ಕಸುಬಿನವರ ರೂಢಿ. ಕಾಲು ನೆಲ ತೂರಿ ರಸ್ತೆಗೆ ಇಳಿದ ಕುದುರೆಯ ಸ್ಥಿತಿ ಏನಾಗುತ್ತದೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ರ‍್ಯಾಂಪಿನ ವಿಷಯದಲ್ಲಿ ಅಂದಾಜಿನ ಮೇಲೆ ನಡೆಯುವವರೇ ಹೆಚ್ಚು, ಆದರೆ ಇಲ್ಲಿ ಸ್ಪಷ್ಟವಾದ ಸಂಖ್ಯೆ ಇದೆ. ಪ್ರಾಣಿ ಸಾಗಣೆ ಕುರಿತ ಯುರೋಪಿಯನ್ ಒಕ್ಕೂಟದ 2005ರ ಕ್ರಮಾಂಕ 1ರ ನಿಯಮಾವಳಿಯು ಕುದುರೆಗಳ ರ‍್ಯಾಂಪಿನ ಇಳಿಜಾರು 20 ಡಿಗ್ರಿ ಮೀರಬಾರದು ಎನ್ನುತ್ತದೆ. 10 ಡಿಗ್ರಿಗಿಂತ ಹೆಚ್ಚಿದ್ದರೆ ಕಾಲಿಗೆ ಹಿಡಿತ ಕೊಡುವ ಅಡ್ಡಪಟ್ಟಿಗಳಿರಬೇಕು. ಈ ನಿಯಮ ತಮಗೆ ಅನ್ವಯಿಸದ ಕಡೆ ಇರುವವರೂ ಈ ಅಂಕಿಯನ್ನು ಹಿಡಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಕುದುರೆಯ ಕಾಲುಗಳು ಎಲ್ಲೆಡೆಯೂ ಒಂದೇ. ಲಾರಿಯ ನೆಲ ರಸ್ತೆಯಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ, 20 ಡಿಗ್ರಿಗೆ ಬೇಕಾಗುವ ರ‍್ಯಾಂಪಿನ ಉದ್ದ ಸುಮಾರು 2.9 ಮೀಟರ್. ಆದರೆ ರ‍್ಯಾಂಪನ್ನೇ ಹಿಂಬಾಗಿಲಾಗಿ ಮೇಲೆತ್ತಿ ಮುಚ್ಚುವ ಲಾರಿಯಲ್ಲಿ ಅದರ ಉದ್ದ ಪೆಟ್ಟಿಗೆಯ ಎತ್ತರವನ್ನು ಮೀರಲಾರದು, ಅಂದರೆ 2.3 ಮೀಟರಿನಷ್ಟು. ಆ ಉದ್ದಕ್ಕೆ ನೆಲದ ಎತ್ತರ 78 ಸೆಂ.ಮೀ. ಒಳಗಿದ್ದರೆ ಮಾತ್ರ ಇಳಿಜಾರು ಮಿತಿಯಲ್ಲಿ ಉಳಿಯುತ್ತದೆ. ಒಂದು ಮೀಟರ್ ಇದ್ದರೆ 26 ಡಿಗ್ರಿಗೆ ಹತ್ತಿರ ಹೋಗುತ್ತದೆ. ಲಾರಿ ಕೊಳ್ಳುವ ಮುನ್ನ ಅಳತೆ ಪಟ್ಟಿ ಹಿಡಿದು ನೆಲದ ಎತ್ತರ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಎತ್ತರದ ಲಾರಿಯನ್ನು ಆಗಲೇ ಕೊಂಡಾಗಿದ್ದರೆ ಎರಡು ಮಡಿಕೆಯ ರ‍್ಯಾಂಪು, ಇಲ್ಲವೇ ಹಿಂಭಾಗವನ್ನು ತಗ್ಗಿಸಬಲ್ಲ ಏರ್ ಸಸ್ಪೆನ್ಷನ್ ಎಂಬ ದಾರಿಗಳಿವೆ. ಎರಡೂ ಖರ್ಚಿನವು, ಮೊದಲನೆಯದು ತೂಕದ್ದೂ ಹೌದು.

ರ‍್ಯಾಂಪು ಮತ್ತು ನೆಲ ಕೂಡುವಲ್ಲಿ ಕೀಲಿನ ಸಂದು ಉಳಿಯುತ್ತದೆ. ಗೊರಸು ಸಿಕ್ಕಿಕೊಳ್ಳಲು ಎರಡು ಬೆರಳಿನ ಸಂದು ಸಾಕು, ಅದಕ್ಕೆ ದಪ್ಪ ರಬ್ಬರ್ ಪಟ್ಟಿಯನ್ನು ಮುಚ್ಚಳದಂತೆ ಹೊದಿಸಬೇಕು. ರ‍್ಯಾಂಪನ್ನು ಎತ್ತಲು ಹಾಕುವ ಸ್ಪ್ರಿಂಗುಗಳಲ್ಲಿ ಅಡಗಿರುವ ಬಲವನ್ನು ಹಗುರವಾಗಿ ಕಾಣಬಾರದು. ತಂತಿಯ ಎಳೆಗಳು ಬಿಚ್ಚಿಕೊಂಡಿದ್ದರೆ ಅದೇ ದಿನ ಬದಲಿಸಬೇಕು, ಇಳಿಸುವಾಗ ಯಾರೂ ಅದರ ನೇರ ಹಿಂದೆ ನಿಲ್ಲಬಾರದು.

ನಿಲ್ಲುವ ಜಾಗದ ಬಗ್ಗೆ ಅದೇ ನಿಯಮಾವಳಿಯಲ್ಲಿರುವ ಅಳತೆ ವಯಸ್ಕ ಕುದುರೆಗೆ 0.7 ಮೀಟರ್ ಅಗಲ, 2.5 ಮೀಟರ್ ಉದ್ದ. ಇದು ಕನಿಷ್ಠ ಅಳತೆ. ಮೈತುಂಬಿದ ಕುದುರೆಗೆ ಇನ್ನೂ ಹತ್ತು ಸೆಂ.ಮೀ. ಅಗಲ ಕೊಟ್ಟರೆ ಅದು ನಿಂತುಕೊಳ್ಳುವ ರೀತಿಯೇ ಬದಲಾಗುತ್ತದೆ. ಕುದುರೆ ಚಲಿಸುವ ವಾಹನದಲ್ಲಿ ಸಮತೋಲ ಕಾಯುವುದು ಕಾಲುಗಳನ್ನು ಅಗಲಿಸಿ. ಆದ್ದರಿಂದ ನಡುವಿನ ಪಾರ್ಟಿಷನ್ ನೆಲದವರೆಗೆ ಗಟ್ಟಿ ಹಲಗೆಯಾಗಿರಬಾರದು. ಹೊಟ್ಟೆಯ ಮಟ್ಟದವರೆಗೆ ಗಟ್ಟಿ, ಅದರ ಕೆಳಗೆ ಬಾಗುವ ರಬ್ಬರ್ ಪರದೆ. ಪಕ್ಕದ ಕುದುರೆಯ ಕಾಲನ್ನು ತುಳಿಯುವ ಭಯಕ್ಕೆ ಪೂರ್ತಿ ಹಲಗೆ ಹಾಕಿದವರ ಲಾರಿಯಲ್ಲಿ ಕುದುರೆ ತಿರುವಿನಲ್ಲೆಲ್ಲ ಗೋಡೆಗೆ ಒರಗಿ ಒದ್ದಾಡುವುದನ್ನು ಕಾಣಬಹುದು. ಇಂಥ ಕುದುರೆಯನ್ನು ಮೊಂಡು ಎಂದು ಹೆಸರಿಟ್ಟು ಹೊಡೆಯುವವರೂ ಇದ್ದಾರೆ, ತಪ್ಪು ಮಾತ್ರ ಬಡಗಿಯದು.

ಮುಖ ಯಾವ ಕಡೆಗಿರಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಮುಂದಕ್ಕೆ, ಹಿಂದಕ್ಕೆ, ಓರೆಯಾಗಿ ಎಂಬ ಮೂರು ಪದ್ಧತಿಗಳಿವೆ, ಒಂದೊಂದು ಕುದುರೆಗೆ ಒಂದೊಂದು ಒಗ್ಗುತ್ತದೆ. ಹಿಂದಕ್ಕೆ ಮುಖ ಮಾಡಿ ನಿಂತ ಕುದುರೆ ಬ್ರೇಕು ಹಾಕಿದಾಗ ಎದೆ, ತಲೆಗಳ ಬದಲು ಬಲವಾದ ಹಿಂಗಾಲುಗಳ ಮೇಲೆ ಭಾರ ತಡೆಯುತ್ತದೆ ಎಂಬ ವಾದ ನನಗೆ ಒಪ್ಪಿಗೆಯಾಗಿದೆ, ಆದರೆ ಅದನ್ನು ಎಲ್ಲ ಲಾರಿಗೂ ಹೇರಲಾರೆ; ತೂಕ ಎಲ್ಲಿ ಬೀಳುತ್ತದೆ ಎಂಬುದು ಅದರಿಂದ ಬದಲಾಗುತ್ತದೆ. ಎದೆಯ ಅಡ್ಡಗಂಬಿಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ: ಕುದುರೆ ಗಾಬರಿಯಿಂದ ಮುಂಗಾಲೆತ್ತಿ ಅದರ ಮೇಲೆ ಸಿಕ್ಕಿಕೊಂಡಾಗ, ಅರ್ಧ ಟನ್ ಭಾರ ಅದರ ಮೇಲಿದ್ದಾಗಲೂ ಹೊರಗಿನಿಂದಲೇ ಕಳಚಲು ಬರುವಂತಿರಬೇಕು. ಕುದುರೆಯ ತಲೆಯ ಬಳಿ ಮನುಷ್ಯ ಹೊರಬೀಳಲು ಪಕ್ಕದ ಬಾಗಿಲೂ ಬೇಕು. ಕುದುರೆಯ ಹಗ್ಗವನ್ನು ಗೋಡೆಯ ಬಳೆಗೆ ನೇರ ಕಟ್ಟದೆ, ಜೋರಾಗಿ ಎಳೆದರೆ ಹರಿಯುವ ತೆಳು ದಾರದ ಕುಣಿಕೆಗೆ ಕಟ್ಟುವ ಹಳೆಯ ರೂಢಿಯನ್ನು ಬಿಡಬಾರದು.

ಒಳಗೋಡೆಗೆ ಮೆತ್ತೆ ಹಾಕುವುದು ಐಷಾರಾಮವೆಂದು ತಿಳಿದವರಿಗೆ ಒಂದು ಹಳೆಯ ಸಂಗತಿ. ರೇಸ್ ಕುದುರೆಗಳನ್ನು ಊರಿಂದೂರಿಗೆ ನಡೆಸಿಕೊಂಡೇ ಹೋಗುತ್ತಿದ್ದ ಕಾಲದಲ್ಲಿ, 1836ರಲ್ಲಿ, ಇಂಗ್ಲೆಂಡಿನ ಲಾರ್ಡ್ ಜಾರ್ಜ್ ಬೆಂಟಿಂಕ್ ತನ್ನ ಎಲಿಸ್ ಎಂಬ ಕುದುರೆಯನ್ನು ಒಳಗೆ ಮೆತ್ತೆ ಹೊದಿಸಿದ, ಕುದುರೆಗಳೇ ಎಳೆಯುವ ಗಾಡಿಯಲ್ಲಿ ಗುಡ್‌ವುಡ್‌ನಿಂದ ಡಾನ್‌ಕಾಸ್ಟರ್‌ಗೆ ಸಾಗಿಸಿದ. ಅಷ್ಟು ದೂರ ಅಷ್ಟು ಬೇಗ ಅದು ತಲುಪಲಾರದೆಂದು ಬಾಜಿ ಕಟ್ಟುವವರು ನಂಬಿದ್ದರು. ಎಲಿಸ್ ದಣಿವಿಲ್ಲದೆ ಇಳಿದು ಸೇಂಟ್ ಲೆಜರ್ ರೇಸ್ ಗೆದ್ದಿತು. ಮೋಟಾರು ಲಾರಿ, ಗಾಳಿ ತುಂಬಿದ ಟೈರು ಬಾರದ ಕಾಲಕ್ಕೇ ಆ ಗಾಡಿ ಕಟ್ಟಿದವನಿಗೆ ಮೆತ್ತೆಯ ಬೆಲೆ ಗೊತ್ತಿತ್ತು.

ಗಾಳಿಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಬರೆಯಬೇಕು. ಸರಕು ಸಾಗಿಸುವ ಪೆಟ್ಟಿಗೆಗೆ ಗಾಳಿಯ ಅಗತ್ಯವಿಲ್ಲ, ಬಹುಮಟ್ಟಿಗೆ ಅದು ಗಾಳಿಯಾಡದಂತೆಯೇ ಕಟ್ಟಿದ್ದು. ಶೈತ್ಯೀಕರಿಸಿದ ಸರಕಿನ ಹಳೆಯ ಲಾರಿಯ ಗೋಡೆಗಳು ಚೆನ್ನಾಗಿ ತಂಪು ಕಾಯುತ್ತವೆ ಎಂದು ಅದನ್ನು ಆರಿಸಿಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಎರಡು ಕುದುರೆಗಳ ಮೈಶಾಖ, ಉಸಿರಿನ ತೇವ, ಮೂತ್ರದಿಂದೇಳುವ ಅಮೋನಿಯಾ, ಹುಲ್ಲಿನ ಧೂಳು ಇವೆಲ್ಲ ಹೊರಹೋಗಲು ಛಾವಣಿಯಲ್ಲಿ ಗಾಳಿಗಂಡಿಗಳು, ಪಕ್ಕಗಳಲ್ಲಿ ತೆರೆಯುವ ಕಿಟಕಿಗಳು ಬೇಕು. ಲಾರಿ ಓಡುವಾಗ ಸಾಲುವ ಗಾಳಿ, ರಸ್ತೆಯ ತಡೆಯಲ್ಲಿ ನಿಂತಾಗ ಸಾಲುವುದಿಲ್ಲವೆಂಬುದನ್ನು ನೆನಪಿಟ್ಟುಕೊಂಡು ಗಂಡಿಗಳ ಅಳತೆ ನಿರ್ಧರಿಸಬೇಕು. ಇದಕ್ಕೆ ಸೇರಿದ ಇನ್ನೊಂದು ಸಂಗತಿ ಹಲವು ಅನುಭವಿ ಸವಾರರಿಗೂ ತಿಳಿದಿರುವುದಿಲ್ಲ. ಕುದುರೆ ಕತ್ತು ಬಗ್ಗಿಸಿದಾಗ ಶ್ವಾಸನಾಳದ ಲೋಳೆ ಮತ್ತು ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹೊರಗಿಳಿಯುತ್ತವೆ. ಗಂಟೆಗಟ್ಟಲೆ ತಲೆಯನ್ನು ಎತ್ತರಕ್ಕೆ ಕಟ್ಟಿದರೆ ಅವು ಒಳಗೇ ಹೆಚ್ಚುತ್ತವೆ, ದೀರ್ಘ ಪ್ರಯಾಣದ ನಂತರ ಬರುವ ಶ್ವಾಸಕೋಶದ ಉರಿಯೂತಕ್ಕೆ ಇದು ದಾರಿ ಮಾಡಿಕೊಡುತ್ತದೆ. ಆದ್ದರಿಂದ ಹಗ್ಗ ತಲೆ ತಗ್ಗಿಸಲು ಬಿಡುವಷ್ಟು ಉದ್ದವಿರಬೇಕು, ಹುಲ್ಲಿನ ಬಲೆಯನ್ನು ಮೂಗಿಗೆ ತಾಗುವಂತೆ ಎತ್ತರದಲ್ಲಿ ಕಟ್ಟಬಾರದು, ದೂರದ ದಾರಿಯಲ್ಲಿ ಆಗಾಗ ನಿಲ್ಲಿಸಿ ತಲೆ ಬಗ್ಗಿಸಿ ನೀರು ಕುಡಿಯಲು ಬಿಡಬೇಕು. ಯುರೋಪಿನ ನಿಯಮದಲ್ಲಿ ನೀರಿಗೆ ಹೇಳಿರುವ ಗರಿಷ್ಠ ಅಂತರ ಎಂಟು ಗಂಟೆ. ಅಷ್ಟು ಹೊತ್ತು ಕಾಯಲು ನಾನು ಯಾರಿಗೂ ಹೇಳಲಾರೆ.

ಒಳಗೆ ಬೆಳಕೂ ಇರಲಿ. ಬಿಸಿಲಿನಿಂದ ಕತ್ತಲೆಗೆ ಕುದುರೆಯ ಕಣ್ಣು ಹೊಂದಿಕೊಳ್ಳುವುದು ನಮ್ಮದಕ್ಕಿಂತ ನಿಧಾನ, ಕಪ್ಪು ಗವಿಯಂತೆ ಕಾಣುವ ಪೆಟ್ಟಿಗೆಗೆ ಅದು ಹತ್ತಲೊಲ್ಲದು. ಬಿಳಿಯ ಗೋಡೆ, ಒಂದೆರಡು ಎಲ್‌ಇಡಿ ದೀಪ ಇಷ್ಟಕ್ಕೇ ಅರ್ಧ ಹಟ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೆ ವಸತಿ. ನಾನು ವಸತಿಯ ವಿರೋಧಿಯಲ್ಲ. ಸ್ಪರ್ಧೆಗೋ ಚಿಕಿತ್ಸೆಗೋ ಕುದುರೆಯನ್ನು ಕರೆದೊಯ್ದವರಿಗೆ ಅದರ ಹತ್ತಿರವೇ ರಾತ್ರಿ ಕಳೆಯುವ ಅನುಕೂಲವಿದ್ದರೆ ಒಳ್ಳೆಯದೇ, ದಣಿದ ಚಾಲಕ ರಾತ್ರೋರಾತ್ರಿ ಮರಳಿ ಓಡಿಸುವುದಕ್ಕಿಂತ ಅಲ್ಲೇ ಮಲಗುವುದು ಎಲ್ಲರಿಗೂ ಕ್ಷೇಮ. ಆದರೆ ಮಲಗಲು ಒಂದು ಹಲಗೆ, ಕೈಕಾಲು ತೊಳೆಯಲು ಒಂದು ಬೋಗುಣಿ, ನೀರು ಕಾಯಿಸಲು ಒಂದು ಒಲೆ, ಒದ್ದೆ ಬಟ್ಟೆ ತೂಗುಹಾಕಲು ಒಂದು ಮೂಲೆ ಇಷ್ಟಿದ್ದರೆ ಎರಡು ರಾತ್ರಿ ಕಳೆಯುತ್ತವೆ. ಕ್ಯಾಬಿನ್ನಿನ ಮೇಲಕ್ಕೆ ಪೆಟ್ಟಿಗೆಯನ್ನು ಚಾಚಿ ಅಲ್ಲಿ ಹಾಸಿಗೆ ಮಾಡಿದರೆ ಕೆಳಗಿನ ನೆಲ ಉಳಿಯುತ್ತದೆ, ಆದರೆ ಎತ್ತರದಲ್ಲಿ ಭಾರ ಹೇರಬಾರದು: ಕುದುರೆ ಲಾರಿಯ ಭಾರ ಮೊದಲೇ ಮೇಲಿದೆ, ನಾಲ್ಕು ಕಾಲಿನ ಮೇಲೆ ನಿಂತು ತಾನಾಗಿಯೇ ಓಲಾಡುವ ಭಾರ ಬೇರೆ. ನೀರಿನ ಟ್ಯಾಂಕು, ಬ್ಯಾಟರಿ ಇವೆಲ್ಲ ಸಾಧ್ಯವಾದಷ್ಟು ಕೆಳಗೆ, ಎರಡು ಆಕ್ಸಲುಗಳ ನಡುವೆ ಇರಲಿ.

ವಸತಿಗೂ ಕುದುರೆಗೂ ನಡುವೆ ನೆಲದಿಂದ ಛಾವಣಿಯವರೆಗೆ ಗಟ್ಟಿ ಗೋಡೆ ಬೇಕು, ಅದರಲ್ಲಿ ಕುದುರೆಯನ್ನು ನೋಡಲೊಂದು ಸಣ್ಣ ಗಾಜು ಇದ್ದರೆ ಒಳ್ಳೆಯದು. ಅಡುಗೆಗೆ ಬಳಸುವ ಗ್ಯಾಸ್ ಗಾಳಿಗಿಂತ ಭಾರ, ಪ್ರೊಪೇನ್ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಅದು ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ನೆಲದಲ್ಲಿ ಹರಡಿ ಮಂಚದ ಕೆಳಗೆ ಕೂರುತ್ತದೆ. ಸಿಲಿಂಡರನ್ನು ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ಹೊರಗಂಡಿಯಿರುವ ಪೆಟ್ಟಿಗೆಯಲ್ಲಿಡಬೇಕು. ಒಲೆಯಿರುವ ಕೋಣೆಯ ನೆಲದಲ್ಲೂ ಒಂದು ಗಂಡಿ ಬೇಕು, ಚಳಿಯೆಂದು ಅದಕ್ಕೆ ಬಟ್ಟೆ ತುರುಕಬಾರದು. ಒಲೆಯನ್ನೇ ಹಚ್ಚಿಟ್ಟು ಕೋಣೆ ಬೆಚ್ಚಗೆ ಮಾಡಿಕೊಂಡು ಮಲಗುವುದು ಸಾವನ್ನು ಕರೆದಂತೆ, ಏಕೆಂದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಚಿಕ್ಕದು, ಅಗ್ಗವಾದದ್ದು, ಪರದೆ ಕೊಳ್ಳುವ ಮೊದಲು ಕೊಳ್ಳಬೇಕಾದದ್ದು. ವಸತಿಯ ವಿದ್ಯುತ್ತಿಗೆ ಬೇರೆಯೇ ಬ್ಯಾಟರಿ ಇಟ್ಟುಕೊಂಡರೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗದ ಪೇಚು ತಪ್ಪುತ್ತದೆ. ಪ್ರತಿ ತಂತಿಗೂ ಫ್ಯೂಸು ಹಾಕಿ, ಕುದುರೆಯ ಹಲ್ಲಿಗೆ ಎಟುಕದಂತೆ ಕೊಳವೆಯಲ್ಲಿ ಎಳೆಯಬೇಕು.

ಎರಡು ಪದ್ಧತಿಗಳು ಪೂರ್ತಿ ನಿಲ್ಲಬೇಕು. ಲಾರಿ ಓಡುತ್ತಿರುವಾಗ ಮಕ್ಕಳನ್ನು ಹಿಂದಿನ ಮಂಚದ ಮೇಲೆ ಕೂರಿಸುವುದು ಒಂದು. ಬೆಲ್ಟು, ಗಟ್ಟಿ ಸೀಟು ಇಲ್ಲದ ಕಡೆ ಯಾರೂ ಪ್ರಯಾಣ ಮಾಡಬಾರದು. ರಾತ್ರಿ ಕುದುರೆಯನ್ನೂ ಲಾರಿಯಲ್ಲೇ ನಿಲ್ಲಿಸಿ ತಾವು ಮುಂದೆ ಮಲಗುವುದು ಇನ್ನೊಂದು. ಪಯಣದಲ್ಲಿ ನಿಲ್ಲುವ ಕಿರಿದಾದ ಜಾಗ ಕುದುರೆಗೆ ಮಲಗುವ, ಹೊರಳುವ ಜಾಗವಲ್ಲ. ಇಳಿಸಿ ಲಾಯದಲ್ಲೋ ಬೇಲಿಯೊಳಗೋ ಬಿಡಬೇಕು.

ಕೊನೆಯದಾಗಿ ಕಾಗದಪತ್ರ. ಸರಕಿನ ಲಾರಿಯೆಂದು ನೋಂದಣಿಯಾದ ವಾಹನದ ಬಾಡಿ, ಆಸನ, ಖಾಲಿ ತೂಕ ಬದಲಾದ ಮೇಲೆ ನೋಂದಣಿ ಅಧಿಕಾರಿಗೂ ವಿಮೆಯವರಿಗೂ ತಿಳಿಸದೆ ಓಡಿಸಿದರೆ ಅಪಘಾತವಾದ ದಿನ ವಿಮೆ ಕೈಕೊಡುವ ಸಾಧ್ಯತೆಯೇ ಹೆಚ್ಚು. ಮಾರ್ಪಾಡಿಗೆ ಮೊದಲೇ ಅನುಮತಿ ಕೇಳುವುದು ಲೇಸು, ಕಟ್ಟಿದ್ದನ್ನು ಒಡೆಯುವ ಪ್ರಮೇಯ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಮೊದಲ ಓಟವನ್ನು ಕುದುರೆಯಿಲ್ಲದೆ, ಅದರಷ್ಟೇ ತೂಕದ ಮರಳಿನ ಚೀಲಗಳನ್ನು ಬಿಗಿದು ಕಟ್ಟಿ ಮಾಡಬೇಕು. ಮರಳಿ ಬಂದ ಕೂಡಲೇ ಚಕ್ರದ ನಟ್ಟು, ಬಾಡಿಯನ್ನು ಚಾಸಿಗೆ ಹಿಡಿದ ಬೋಲ್ಟು, ರ‍್ಯಾಂಪಿನ ಕೀಲು ಇವನ್ನು ಇನ್ನೊಮ್ಮೆ ಬಿಗಿದು, ಲಾರಿಯಡಿ ಮಲಗಿ ಹೊಸ ಬೆಸುಗೆಗಳ ಪಕ್ಕದಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ ಎಂದು ಟಾರ್ಚು ಹಾಕಿ ನೋಡಬೇಕು. ಬಿರುಕು ಕಂಡಲ್ಲಿ ಬೆಸುಗೆಯನ್ನು ಕೆರೆದು ಮತ್ತೆ ಹಾಕಿಸುವವರೆಗೆ ಕುದುರೆಯನ್ನು ಹತ್ತಿಸಬಾರದು.

ಇತಿ ತಮ್ಮ ವಿಶ್ವಾಸಿ,
ಲಾರಿ ಬಾಡಿ ಕಟ್ಟುವ ಕಸುಬಿನ ಓದುಗ